ಬೆರಳು ಎತ್ತುವವರೆಗೆ

ಲಕ್ಷ್ಮಣಪ್ಪನನ್ನು ದೇವರಂಥ ಮನುಷ್ಯ ಎನ್ನುವವರು ಹೊಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನನ್ನ ಎಡಗೈಯ ತೋರುಬೆರಳು ಹೋದದ್ದರಲ್ಲಿ ಸಣ್ಣದಾದರೂ ಅವನದೊಂದು ಪಾಲಿದೆ. ದೊಡ್ಡ ಪಾಲು ನಮ್ಮ ಮ್ಯಾನೇಜರ್ ಚಿನ್ನಸ್ವಾಮಿಯದು. ಆ ಮನುಷ್ಯನನ್ನು ನೆನೆದರೆ ಮೂರು ವರ್ಷವಾದ ಮೇಲೂ ನನ್ನ ಮೈ ಉರಿಯುತ್ತದೆ.

ಲಕ್ಷ್ಮಣಪ್ಪ ಬಾಗಲೂರಿನ ಕಡೆಯವನು, ನನಗಿಂತ ಮೂರು ವರ್ಷ ಚಿಕ್ಕವನು. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಓದಿ, ಎಂಬತ್ತಮೂರರಲ್ಲಿ ನಮ್ಮ ಕಾರ್ಖಾನೆಗೆ ರಿಪೇರಿ ಕೆಲಸಕ್ಕೆ ಸೇರಿದ. ದೊಡ್ಡ ಕಾರ್ಖಾನೆಗಳಿಗೆ ತಗಡಿನ ಬಿಡಿಭಾಗ ಮಾಡಿ ಕೊಡುವ ಸಣ್ಣ ಜಾಗ ಅದು. ನಾನು ಅಲ್ಲಿ ಮೇಲಿಂದ ಅಚ್ಚು ಇಳಿಸಿ ತಗಡು ಕತ್ತರಿಸುವ ಪ್ರೆಸ್ ಯಂತ್ರ ನಡೆಸುತ್ತಿದ್ದೆ. ಯಂತ್ರಗಳಿಗೆ ಆಗಷ್ಟೇ ಚಿಪ್ ಕೂರಿಸಲು ಶುರುಮಾಡಿದ್ದರು. ಎರಡು ಸಾಲಿನ ಪುಟ್ಟ ಪರದೆ, ಅದರ ಕೆಳಗೆ ನಾಲ್ಕು ಗುಂಡಿ. ಪರದೆಯ ಮೇಲೆ ಒಂದೊಂದೇ ಕೆಲಸದ ಹೆಸರು ಬರುತ್ತದೆ, ಬೇಕಾದದ್ದು ಬಂದಾಗ ಕೊನೆಯ ಗುಂಡಿ ಒತ್ತಬೇಕು. ಆಮೇಲೆ ಅಚ್ಚು ಇಳಿಸಲೇ ಎಂದು ಕೇಳುತ್ತದೆ, ಅದಕ್ಕೂ ಅದೇ ಗುಂಡಿ. ಅದಕ್ಕೆ ಮೆನು ಎನ್ನುತ್ತಿದ್ದರು.

ಗುಂಡಿ ಒತ್ತಿದ್ದನ್ನು ಓದುವುದು ಹೇಗೆ, ಪರದೆಗೆ ಅಕ್ಷರ ಕಳಿಸುವುದು ಹೇಗೆ ಎಂದು ಒಂದೊಂದು ಕಾರ್ಖಾನೆಯವರೂ ಮೊದಲಿನಿಂದ ಪ್ರೋಗ್ರಾಂ ಬರೆದು ತಲೆ ಕೆಡಿಸಿಕೊಳ್ಳುತ್ತಿದ್ದರು. ಲಕ್ಷ್ಮಣಪ್ಪ ಅಷ್ಟು ಭಾಗವನ್ನು ಬೇರೆ ಮಾಡಿ, ಯಾವ ಯಂತ್ರಕ್ಕಾದರೂ ಹೊಂದುವ ಹಾಗೆ ಬರೆದಿಟ್ಟ. ಬರೆದದ್ದು ಮನೆಯಲ್ಲಿ, ತಾನೇ ಕೊಂಡುತಂದ ಬೋರ್ಡಿನ ಮೇಲೆ. ಚಿಪ್‌ಗಳಲ್ಲಿದ್ದ ಹಳೆಯ ಪ್ರೋಗ್ರಾಂ ಅಳಿಸಲು ಅವನ್ನು ವಾರಗಟ್ಟಲೆ ಬಿಸಿಲಿಗಿಡುತ್ತಿದ್ದ. ಅವನ ತಾಯಿ ಕದಿರಮ್ಮ ಹಪ್ಪಳದ ಜೊತೆ ಅವನ್ನೂ ಕೋಳಿಗಳಿಂದ ಕಾಯುತ್ತಿದ್ದರು. ಬರೆದದ್ದನ್ನೆಲ್ಲ ಜೆರಾಕ್ಸ್ ಮಾಡಿಸಿ ಕೇಳಿದವರಿಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದ. "ತಪ್ಪು ಸಿಕ್ಕಿದ್ರೆ ತಿದ್ದಿ ನಂಗೂ ಒಂದು ಕಾಪಿ ಕೊಡ್ರಪ್ಪಾ" ಎನ್ನುವುದೊಂದೇ ಅವನ ಷರತ್ತು. ಹೊಸೂರಿನ ಹದಿನೈದು ಕಾರ್ಖಾನೆಗಳಲ್ಲಿ ಅವನ ಮೆನು ಓಡುತ್ತಿತ್ತು.

ಅದರಲ್ಲೊಂದು ಜಾಣತನವಿತ್ತು. ನಾವು ಹೆಂಗಸರು ಕೆಲಸ ಕಲಿತದ್ದು ಹಳೆಯ ಯಂತ್ರಗಳ ಮೇಲೆ. ಅವುಗಳ ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯದಿದ್ದರೆ ಯಂತ್ರ ಮಿಸುಕುತ್ತಿರಲಿಲ್ಲ. ಹೊಸ ಗುಂಡಿಗೆ ಮುಟ್ಟಿದರೆ ಸಾಕು, ಆದರೆ ನಮ್ಮ ಕೈಗೆ ಅದು ಗೊತ್ತಾಗಬೇಕಲ್ಲ! ನಾವು ಒತ್ತಿ ಹಿಡಿದೇ ಇರುತ್ತಿದ್ದೆವು. ಹಾಗೆ ಹಿಡಿದಾಗ ಒಂದು ಪ್ರಶ್ನೆಗೆ ಒತ್ತಿದ್ದು ಮುಂದಿನ ಪ್ರಶ್ನೆಗೂ ಉತ್ತರವಾಗಿಬಿಡುತ್ತದೆ. ಲಕ್ಷ್ಮಣಪ್ಪ ಇದನ್ನು ನಿಂತು ನೋಡಿದ್ದ. ಅದಕ್ಕೇ ಬೆರಳು ಎತ್ತುವವರೆಗೆ ಯಂತ್ರ ಮುಂದಕ್ಕೆ ಹೋಗಬಾರದು ಎಂದು ನಾಲ್ಕು ಸಾಲು ಸೇರಿಸಿದ್ದ.

ಎಂಬತ್ತಾರರ ಮಾರ್ಚ್‌ನಲ್ಲಿ ಚಿನ್ನಸ್ವಾಮಿಗೆ ಆಸೆ ಹುಟ್ಟಿತು. ಈ ಮೆನುವನ್ನು ಬೋರ್ಡಿನ ಸಮೇತ ಮಾರಬಹುದಲ್ಲ ಎಂದು. ಲಕ್ಷ್ಮಣಪ್ಪನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮೆಲ್ಲರ ಎದುರಿಗೇ ಚಿನ್ನಸ್ವಾಮಿ ಅವನ ಮುಂದೆ ಒಂದು ಕಾಗದ ತಳ್ಳಿದ.

"ಈ ಪ್ರೋಗ್ರಾಂ ಪೂರ್ತಿ ಕಂಪನೀದು ಅಂತ ಬರ್ದಿದೆ. ಇಂಗೆ ಕೈಯೆಳುತ್ತು ಪೋಡು, ಸಹಿ ಹಾಕು. ನಾಳೆಯಿಂದ ಹೊರಗಡೆಯೋರಿಗೆ ಒಂದು ಹಾಳೆ ಕೊಟ್ರೂ ಜೈಲಿಗೆ ಕಳಿಸ್ತೀನಿ."

ಲಕ್ಷ್ಮಣಪ್ಪ ನಿಂತಲ್ಲೇ ಸಹಿ ಹಾಕಿದ. ಥೂ, ಇವನೂ ಒಬ್ಬ ಗಂಡಸೇ ಎನಿಸಿತು ನನಗೆ. ಕಾಪಿ ಕೇಳಿಕೊಂಡು ಗೇಟಿಗೆ ಬಂದವರು ಬರಿಗೈಯಲ್ಲಿ ವಾಪಸ್ ಹೋಗುತ್ತಿದ್ದರು, ಇವನು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದ.

ಆಗಸ್ಟ್‌ನಲ್ಲಿ ಒಂದು ಮಂಗಳವಾರ ನಾನು ಅಳತೆ ಸರಿಮಾಡುವ ಕೆಲಸ ಆರಿಸಿ, ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿಹಿಡಿದು, ಎಡಗೈಯಿಂದ ತಗಡು ಸರಿಸುತ್ತಿದ್ದೆ. ಯಂತ್ರ ನನ್ನನ್ನು ಕೇಳಿಕೊಳ್ಳದೆ ಇಳಿಯಿತು. ಆಮೇಲಿನದನ್ನು ಬರೆಯುವುದಿಲ್ಲ.

ಇಪ್ಪತ್ತು ದಿನದ ಮೇಲೆ ಸರ್ಕಾರದ ಇನ್ಸ್‌ಪೆಕ್ಟರ್ ವಿಚಾರಣೆಗೆ ಬಂದರು. ಕೈಗೆ ಬಟ್ಟೆ ಸುತ್ತಿಕೊಂಡು ನಾನೂ ಹೋಗಿ ಕುಳಿತೆ. ಕಂಪನಿಯ ಪ್ರೋಗ್ರಾಂ ಎಂದು ಎದೆ ತಟ್ಟಿಕೊಂಡಿದ್ದ ಚಿನ್ನಸ್ವಾಮಿ ಅಂದು ಬೇರೆಯೇ ರಾಗ ತೆಗೆದ.

"ಅದು ನಮ್ಮದಲ್ಲ ಸಾರ್. ಈ ಲಕ್ಷ್ಮಣಪ್ಪ ಸ್ವಂತಕ್ಕೆ ಬರ್ಕೊಂಡಿದ್ದು. ತಪ್ಪೆಲ್ಲ ಅವನ್ದೇ."

ಮಾರ್ಚ್‌ನ ಕಾಗದದ ನಿನ್ನ ಕಾಪಿ ತೋರಿಸೋ, ಮುಖಕ್ಕೆ ಹಿಡಿಯೋ ಎಂದು ನಾನು ಕಣ್ಣಲ್ಲೇ ಹೇಳಿದೆ. ತೋರಿಸಿದ್ದರೆ ತಪ್ಪು ಅಲ್ಲೇ ಕಂಪನಿಯ ತಲೆಗೆ ಹೋಗುತ್ತಿತ್ತು. ಆದರೆ ಮೆನು ಕೊನೆಯವರೆಗೂ ಕಂಪನಿಯದಾಗುತ್ತಿತ್ತು, ಹದಿನೈದು ಕಡೆ ಇಟ್ಟುಕೊಂಡವರು ಕಳ್ಳರಾಗುತ್ತಿದ್ದರು. ಅವನು ಕಾಗದದ ಸುದ್ದಿಯನ್ನೇ ಎತ್ತಲಿಲ್ಲ.

"ಪೂರ್ತಿ ನಂದೇ, ಕಂಪನಿಗೆ ಹಕ್ಕಿಲ್ಲ ಅಂತ ಬರ್ಕೊಡ್ತೀರಾ ಸಾರ್?"

"ಧಾರಾಳವಾಗಿ ಬರ್ಕೊಡ್ತೀನಿ ಬಾ," ಎಂದ ಚಿನ್ನಸ್ವಾಮಿ. ಬರೆದು, ಸಹಿ ಮಾಡಿ, ಕಂಪನಿಯ ಮೊಹರನ್ನೂ ಒತ್ತಿದ. ಇನ್ಸ್‌ಪೆಕ್ಟರ್ ಸಾಕ್ಷಿ ಹಾಕಿದರು.

ಲಕ್ಷ್ಮಣಪ್ಪ ಅದನ್ನು ಮಡಿಸಿ ಜೇಬಿಗಿಟ್ಟ. ಎಲ್ಲರನ್ನೂ ನನ್ನ ಪ್ರೆಸ್ಸಿನ ಹತ್ತಿರ ಕರೆದುಕೊಂಡು ಹೋಗಿ, ಅದರಲ್ಲಿದ್ದ ಚಿಪ್ ತೆಗೆದು ಮನೆಯಿಂದ ತಂದಿದ್ದ ತನ್ನ ಚಿಪ್ ಕೂರಿಸಿದ. ಗುಂಡಿ ಒತ್ತಿಹಿಡಿದು, ಎಡಗೈಯನ್ನು ಅಚ್ಚಿನ ಕೆಳಗೇ ಇಟ್ಟ. ಯಂತ್ರ ಅಲ್ಲಾಡಲಿಲ್ಲ. ಕೈ ಹೊರಗೆ ತೆಗೆದು ಆಮೇಲೆ ಹೆಬ್ಬೆರಳು ಎತ್ತಿದ. ಆಗ ಪರದೆಯ ಮೇಲೆ ಮುಂದಿನ ಪ್ರಶ್ನೆ ಬಂತು.

"ಇದು ನಂದು. ನಿಮ್ಮ ಯಂತ್ರದಾಗಿದ್ದ ಚಿಪ್‌ನಾಗೆ ನನ್ನ ನಾಕು ಸಾಲು ಇಲ್ಲ. ನಿಧಾನ ಆಯ್ತದೆ ಅಂತ ನೀವು ತೆಗ್ದಾಕ್ಬುಟ್ರಿ," ಎನ್ನುತ್ತಾ ಹಳೆಯ ಚಿಪ್ಪನ್ನೇ ಮತ್ತೆ ಕೂರಿಸಿದ. "ಬನ್ನಿ ಸಾರ್, ಇದರ ಕೆಳಗೆ ನೀವೊಂದ್ಸಲ ಕೈಯಿಟ್ಟು ತೋರ್ಸಿ."

ಚಿನ್ನಸ್ವಾಮಿ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಅಷ್ಟು ಸಂತೋಷ ನನಗೆ ಜೀವನದಲ್ಲಿ ಮತ್ತೆ ಆಗಿಲ್ಲ. ಇನ್ಸ್‌ಪೆಕ್ಟರ್ ತಪ್ಪು ಕಂಪನಿಯದು ಎಂದೇ ಬರೆದುಕೊಂಡು ಹೋದರು. ಮೂರನೆಯ ದಿನ ಲಕ್ಷ್ಮಣಪ್ಪನನ್ನು ಕೆಲಸದಿಂದ ತೆಗೆದರು.

ಅವನು ಮತ್ತೆ ಕಾಪಿ ಹಂಚತೊಡಗಿದ್ದಾನೆಂದು ಕೇಳಿ, ಒಂದು ಭಾನುವಾರ ಬಾಗಲೂರಿಗೆ ಹೋದೆ. ಕದಿರಮ್ಮ ಕಾಫಿ ಕೊಟ್ಟರು. ಅವನು ಹೊಸ ಹಾಳೆ ತೋರಿಸಿದ. ಆ ನಾಲ್ಕು ಸಾಲಿನ ಪಕ್ಕದಲ್ಲಿ, 'ಇದನ್ನು ತೆಗೆಯಬೇಡಿ. ತೆಗೆದಾಗ ಮುನಿರತ್ನಮ್ಮನವರ ಬೆರಳು ಹೋಯಿತು' ಎಂದು ಬರೆದಿದ್ದ.

"ತೆಗ್ದೋನು ಯಾರು ಅಂತ್ಲೂ ಬರಿ," ಎಂದೆ.

ಚಿನ್ನಸ್ವಾಮಿಯ ಹೆಸರು ಬರೆದ. ಪೆನ್ನು ಕೆಳಗಿಡಲಿಲ್ಲ.

"ಅಕ್ಕಾ, ಆವಯ್ಯ ತೆಗ್ದಿದ್ದು ನಂಗೆ ಜೂನ್‌ನಾಗೇ ಗೊತ್ತಿತ್ತು. ಕೆಲ್ಸ ಕಾಯಂ ಆಗ್ಲಿ ಅಂತ ಸುಮ್ಕಿದ್ಬುಟ್ಟೆ."

ಕೈಯಲ್ಲಿದ್ದ ಲೋಟವನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಕದಿರಮ್ಮ ಬಾಗಿಲಲ್ಲೇ ನಿಂತಿದ್ದರು.

"ಅದ್ನೂ ಬರಿ," ಎಂದೆ.

ಬರೆದ. ಕೆಳಗೆ ಸಹಿ ಹಾಕು ಎಂದೆ, ಹಾಕಿದ. ಆ ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬಂದು ಹೊಸೂರಿನಲ್ಲಿ ನಾನೇ ಜೆರಾಕ್ಸ್ ಮಾಡಿಸಿದೆ. ಅವನ ಮೆನು ಇಟ್ಟುಕೊಂಡಿದ್ದ ಹದಿನೈದು ಕಾರ್ಖಾನೆಗೂ ಒಂದೊಂದು ಕೊಟ್ಟು, ಹದಿನಾರನೆಯದನ್ನು ನಮ್ಮ ಕಾರ್ಖಾನೆಯ ಗೇಟಿಗೆ ಅಂಟಿಸಿದೆ.