ಕೂರದ ಕುರ್ಚಿಯಣ್ಣ
ಇವನ ಅಜ್ಜ ಸಭೆಗಳಲ್ಲಿ ದೀಪ ಆರದಂತೆ ಗಾಳಿಗೆ ಬೆನ್ನು ಕೊಟ್ಟು ನಿಂತವನು. ಅಪ್ಪ ಬಿರುಗಾಳಿಗೆ ಹಾರಿಹೋಗಲಿದ್ದ ಚಪ್ಪರದ ಹಗ್ಗಕ್ಕೆ ಜೋತುಬಿದ್ದು ಅಂಗೈ ಸುಲಿಸಿಕೊಂಡವನು. ಇಬ್ಬರೂ ಬಿಡಿಗಾಸು ಕೇಳಿದವರಲ್ಲ. ಅದೇ ರಕ್ತದ ನಮ್ಮ ಕುರ್ಚಿಯಣ್ಣ, ಯಾರ ಸಮಾರಂಭವಾದರೂ ಸರಿ, ಸಂಬಳವಿಲ್ಲದೆ ಕುರ್ಚಿ ಹಾಕುವವನು. ಹಾಕಿದ ಒಂದೊಂದರಲ್ಲೂ ತಾನೇ ಕೂತು, ಸೊಂಟ ಅಲ್ಲಾಡಿಸಿ ನೋಡಿ, "ಈ ಕುದುರೆಗೆ ಕಾಲುನೋವು" ಎಂದು ಕುಂಟುವುದನ್ನು ಬದಿಗಿಡುತ್ತಾನೆ. ಜನ ಬಂದ ಮೇಲೆ ಅವನಿಗೆ ಗೋಡೆಯೇ ಗತಿ. ವಂದನಾರ್ಪಣೆ ಶುರುವಾಯಿತೆಂದರೆ ಮಾತ್ರ ತಲೆ ಬಾಚಿ, ಅಂಗಿಯ ಕತ್ತಿನ ಗುಂಡಿ ಹಾಕಿ, ಪರದೆಯ ಪಕ್ಕ ಬಂದು ನಿಲ್ಲುತ್ತಾನೆ. ಮೈಕಿನವನು, ಹೂವಿನವನು, ಹಾಲ್ ಕೊಟ್ಟ ಸಾಹುಕಾರ, ಎಲ್ಲರ ಹೆಸರೂ ಬರುತ್ತದೆ, ಇವನದೊಂದು ಬಿಟ್ಟು. ಹೊಳೆ ದಾಟಿದವರಿಗೆ ಅಂಬಿಗನ ನೆನಪೆಲ್ಲಿ? ಚಪ್ಪಾಳೆ ಮುಗಿಯುವುದರೊಳಗೆ ಗುಂಡಿ ಬಿಚ್ಚಿ ಕುರ್ಚಿ ಮಡಚತೊಡಗುತ್ತಾನೆ. ಮೊನ್ನೆ ಅವನ ಕಾಲು ಬಾತು ಕುಂಬಳಕಾಯಿಯಾಗಿತ್ತು. ಅಂದು ಸಮಾರಂಭ ನಡೆಸಿದ್ದ ಸಂಘದ ಕಾರ್ಯದರ್ಶಿಯ ಮಗಳು ನೋಡಲಾರದೆ, "ಕೂತ್ಕೊಳ್ಳಿ ಮಾಮ, ಇವತ್ತು ನಾವೇ ಮಡಚ್ತೀವಿ" ಎಂದು ಒಂದು ಕುರ್ಚಿ ಎತ್ತಿದಳು. ಅವನು ಅದನ್ನು ಅವಳ ಕೈಯಿಂದ ಕಿತ್ತುಕೊಂಡ. "ಬೇಡ ಕಣಮ್ಮ. ಇದನ್ನೂ ನೀವೇ ಮಾಡಿಬಿಟ್ರೆ, ಮುಂದಿನ ಸಲ ನನ್ನನ್ನ ಯಾಕೆ ಕರೀತೀರಿ?"