ಶರಣಮ್ಮ ನೀರಿಗಿಳಿದ ದಿನ

ಮೊದಲು ಕೈಕೊಟ್ಟದ್ದು ಧ್ವನಿ.

ಮಗರಪಟ್ಟಾದಲ್ಲಿ ಸಾಲುಸಾಲಾಗಿ ಕಟ್ಟಡ ಏಳುತ್ತಿದ್ದ ವರ್ಷಗಳು ಅವು. ನಾನು ಅಲ್ಲಿ ಮುಕಾದಮ್. ಯಾದಗಿರಿ ಕಡೆಯಿಂದ ಬಂದ ನಮ್ಮ ಜನರನ್ನು ಕೆಲಸಕ್ಕೆ ಹಚ್ಚುವುದು, ಕೆಳಗೆ ನಿಂತು ಮೇಲಿನವರಿಗೆ ಕೂಗಿ ಹೇಳುವುದು ನನ್ನ ಕೆಲಸ. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡೆ. ಅರಿಶಿನದ ಹಾಲು ಕುಡಿದೆ. ಬೀಡಿ ಕಡಿಮೆ ಮಾಡಿದೆ. ಮಳೆಗಾಲ ಮುಗಿದರೂ ಧ್ವನಿ ತಿರುಗಿ ಬರಲಿಲ್ಲ.

ಬಯಾಪ್ಸಿ ಆಯಿತು. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಕ್ಯಾನ್ಸರ್. ಟೋಟಲ್ ಲ್ಯಾರಿಂಜೆಕ್ಟಮಿ ಮಾಡಬೇಕು, ಅಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು. ಕುತ್ತಿಗೆಯಲ್ಲಿ ಒಂದು ತೂತು ಮಾಡುತ್ತಾರೆ, ಅದಕ್ಕೆ ಸ್ಟೋಮಾ ಎಂದು ಹೆಸರು. ಇನ್ನು ಮುಂದೆ ಉಸಿರಾಟ ಮೂಗಿನಿಂದಲ್ಲ, ಅಲ್ಲಿಂದ.

ನೀರಿನಲ್ಲಿ ಮುಳುಗಬಹುದೇ ಎಂದು ಕೇಳಿದೆ. ಅವರಿಗೆ ವಿಚಿತ್ರ ಎನಿಸಿರಬೇಕು.

"ಕಧೀಚ್ ನಾಹೀ," ಎಂದರು. ಎಂದೆಂದಿಗೂ ಇಲ್ಲ. ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಆ ಡಿಸೆಂಬರಿನಲ್ಲಿ ನನಗೆ ದೀಕ್ಷಾಸ್ನಾನ ಆಗಬೇಕಿತ್ತು.

ಯೆರವಡಾದ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡ ಸಭೆ ಸೇರುತ್ತಿತ್ತು. ಒಂದು ಭಾನುವಾರ ಹೊರಗೆ ಕನ್ನಡದ ಹಾಡು ಕೇಳಿಸಿತೆಂದು ಒಳಗೆ ಹೋದವನು, ಆಮೇಲೆ ಅಲ್ಲೇ ಉಳಿದೆ. ಬೀದರಿನ ದೇವದಾನ ಪಾಸ್ಟರು ಹೇಳಿಕೊಡುತ್ತಿದ್ದರು: ನೀರಿಗಿಳಿಯುವುದು ಕ್ರಿಸ್ತನ ಜೊತೆ ಸತ್ತು ಮಣ್ಣಾದಂತೆ, ಮೇಲೇಳುವುದು ಅವನ ಜೊತೆ ಎದ್ದು ಬಂದಂತೆ. ನೀರೇನು ಸಾಬೂನಲ್ಲ, ಅದು ನಂಬಿದವನು ಎಲ್ಲರೆದುರು ಕೊಡುವ ಸಾಕ್ಷಿ. ಅದಕ್ಕೇ ಮೊದಲು 'ನಂಬುತ್ತೇನೆ' ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಪೂರ್ತಿ ಮುಳುಗಬೇಕು.

ನನಗೆ ಎರಡೂ ಹೋದವು.

ನನ್ನ ಹೆಂಡತಿ ಶರಣಮ್ಮನನ್ನು ಸಭೆಗೆ ಕರೆದುಕೊಂಡು ಹೋದವನು ನಾನೇ. ಮೊದಮೊದಲು ಅವಳು ಬಾಗಿಲ ಬಳಿ ಕುಳಿತು ತೂಕಡಿಸುತ್ತಿದ್ದಳು. ಆಪರೇಶನ್ ಆಗಿ ನಾನು ವಾರ್ಡಿನಲ್ಲಿ ಮಲಗಿದ್ದಾಗ ಏನಾಯಿತೋ. ಸಕ್ಷನ್ ಪೈಪ್ ಹಾಕಿ ನನ್ನ ಕಫ ತೆಗೆಯುವುದನ್ನು ನರ್ಸ್‌ನಿಂದ ಕಲಿತಳು. ಕಲಿಯುತ್ತಲೇ ಪ್ರಾರ್ಥನೆಯನ್ನೂ ಕಲಿತಳು. ನನ್ನ ಮಂಚದ ಪಕ್ಕ ನಿಂತು ಗಟ್ಟಿಯಾಗಿ, ಹಳೇ ಪರಿಚಯದವರೊಡನೆ ಮಾತಾಡುವಂತೆ ಪ್ರಾರ್ಥಿಸುತ್ತಿದ್ದಳು. ಅಕ್ಕಪಕ್ಕದ ಮರಾಠಿ ರೋಗಿಗಳೂ ಕೈ ಜೋಡಿಸುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಧ್ವನಿ ನನ್ನದಾಗಬೇಕಿತ್ತು ಎನಿಸುತ್ತಿತ್ತು.

ರೇಡಿಯೇಶನ್ ಮುಗಿದು, ಮತ್ತೊಂದು ಮಳೆಗಾಲ ಕಳೆಯಿತು. ಪಾಸ್ಟರು ಮನೆಗೆ ಬಂದು, ಲೋಣಾವಳಾ ಹತ್ತಿರದ ಹೊಳೆಯಲ್ಲಿ ದೀಕ್ಷಾಸ್ನಾನ ಇಟ್ಟುಕೊಂಡಿದ್ದೇವೆ, ಶರಣಮ್ಮನ ಹೆಸರೂ ಇದೆ ಎಂದರು. "ನಿಮಗ ತಲಿ ಮ್ಯಾಲ ನೀರು ಹಾಕ್ತೀವ್ರಿ. ಹಾಸಗಿ ಹಿಡದವರಿಗೆ ಹಂಗ ಮಾಡೋದು ಹಿಂದಿನಿಂದಲೂ ಅದ."

ಬೇಡವೆಂದು ತಲೆಯಾಡಿಸಿದೆ. ಅವಳಿಗೆ ಹೊಳೆ, ನನಗೆ ತಂಬಿಗೆ.

ಅವರು ಹೋದ ಮೇಲೆ, ಮಾತಿಗೆಂದು ಇಟ್ಟುಕೊಂಡಿದ್ದ ಪಾಟಿಯ ಮೇಲೆ ಬರೆದೆ: ನಾನು ಗುಣವಾಗುವ ತನಕ ತಡಿ.

ಶರಣಮ್ಮ ಅಕ್ಷರ ಕೂಡಿಸಿ ಓದಿದಳು. "ಆ ತೂತು ಮುಚ್ಚಾಂಗಿಲ್ಲಂತ ಡಾಕ್ಟರ್ ಹೇಳ್ಯಾರಲ್ರೀ. ಎಲ್ಲೀತನಕ ತಡೀಲಿ?"

ಒರೆಸಿ ಮತ್ತೆ ಬರೆದೆ: ನಿನ್ನನ್ನು ಕರೆದುಕೊಂಡು ಹೋದವ ನಾನು.

"ಹೌದ್ರಿ. ಬಾಗಿಲ ತನಕ ನೀವು ಕರಕೊಂಡು ಬಂದ್ರಿ," ಎಂದಳು. "ಒಳಗ ನಾನಾ ಬಂದೀನಿ."

ಎರಡು ದಿನ ನಾನು ಪಾಟಿ ಮುಟ್ಟಲಿಲ್ಲ. ಅವಳು ದಿನದಂತೆ ಸ್ಟೋಮಾ ಒರೆಸಿದಳು, ಅನ್ನ ಮೆತ್ತಗೆ ಕಲಸಿಕೊಟ್ಟಳು. ಅವಳು ಬಿಸಿ ಚಹಾ ಊದಿ ಕುಡಿಯುವುದನ್ನು ನೋಡಿದರೂ ಹೊಟ್ಟೆ ಉರಿಯುತ್ತಿತ್ತು. ನನ್ನ ಬಾಯಲ್ಲಿ ಈಗ ಊದುವಷ್ಟೂ ಗಾಳಿ ಇಲ್ಲ.

ಆದರೂ ಲೋಕಲ್ ರೈಲು ಹತ್ತಿ ಅವರ ಜೊತೆ ಹೋದೆ. ಹೋಗದೆ ಮನೆಯಲ್ಲಿ ಕುಳಿತರೆ ಅವಳು ಮುಳುಗುವುದನ್ನು ದಿನವಿಡೀ ಮನಸ್ಸಿನಲ್ಲೇ ನೋಡಬೇಕಾಗುತ್ತಿತ್ತು.

ಹೊಳೆ ಸೊಂಟದ ಮಟ್ಟ ಇತ್ತು. ಶರಣಮ್ಮ ಬಿಳಿ ಸೀರೆಯ ಸೆರಗು ಬಿಗಿದುಕೊಂಡು ಇಳಿದಳು. ಪಾಸ್ಟರು ಕೇಳಿದರು. "ನಂಬತೀನ್ರಿ" ಎಂದಳು, ದಂಡೆಯಲ್ಲಿದ್ದ ನಮಗೆಲ್ಲ ಕೇಳುವಂತೆ. ಅವರು ಅವಳನ್ನು ಹಿಂದಕ್ಕೆ ಬಾಗಿಸಿದರು. ನೀರು ಅವಳ ಮುಖದ ಮೇಲೆ ಕೂಡಿಕೊಂಡಿತು.

ನನಗೇ ತಿಳಿಯದೆ ನನ್ನ ಬೆರಳು ಸ್ಟೋಮಾ ಮುಚ್ಚಿತ್ತು.

ಅವಳು ಏಳುವವರೆಗೆ ನನಗೂ ಉಸಿರಿರಲಿಲ್ಲ. ಎದ್ದಳು. ನಾನು ಕೆಮ್ಮಿ ಕೆಮ್ಮಿ ಕಲ್ಲಿನ ಮೇಲೆ ಕುಸಿದೆ. ಕೂದಲಿನಿಂದ ನೀರು ಸುರಿಸುತ್ತ ಅವಳು ಓಡಿಬಂದಳು. ನನ್ನ ಮುಖ ನೋಡಿದಳು. ಏನು ಕಂಡಿತೋ, ಪಾಸ್ಟರ ಕಡೆ ತಿರುಗಿ, "ಇವರಿಗೂ ಹಾಕ್ರಿ," ಎಂದಳು.

ಈ ಸಲ ನಾನು ತಲೆಯಾಡಿಸಲಿಲ್ಲ. ಬೇಡವೆಂದರೆ ದೀಕ್ಷಾಸ್ನಾನ ಅವಳೊಬ್ಬಳದೇ ಆಗುತ್ತಿತ್ತು. ಅದನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ.

ಪಾದ ಮುಳುಗುವಷ್ಟು ನೀರಿನಲ್ಲಿ ಮೊಣಕಾಲೂರಿದೆ. ಶರಣಮ್ಮ ನನ್ನ ಕುತ್ತಿಗೆಗೆ ಟವೆಲ್ ಸುತ್ತಿ, ಸ್ಟೋಮಾದ ಮೇಲೆ ತನ್ನ ಅಂಗೈಯನ್ನು ಸೂರಿನಂತೆ ಹಿಡಿದಳು.

"ನಂಬತೀರೇನ್ರಿ?" ಎಂದರು ಪಾಸ್ಟರು. ತುಟಿ ಅಲುಗಿಸಿದೆ.

"ಹೂಂ ಅಂದ್ರು ನೋಡ್ರಿ," ಎಂದಳು ಶರಣಮ್ಮ.

ಸಿಟ್ಟು ಬಂತು. ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದೆ. ಪಾಸ್ಟರು ಬಗ್ಗಿ ನನ್ನ ಮುಖಕ್ಕೆ ಮುಖವಿಟ್ಟು ನೋಡಿದರು. ಶಬ್ದವಿಲ್ಲದೆ, ಒಂದೊಂದೇ ಅಕ್ಷರವಾಗಿ ಹೇಳಿದೆ. ಅವರು ಕಾದರು. ಪೂರ್ತಿ ಹೇಳಿದ ಮೇಲೆಯೇ ಬೊಗಸೆಯಲ್ಲಿ ನೀರು ತುಂಬಿ ತಲೆಯ ಮೇಲೆ ಸುರಿದರು, ಮೂರು ಸಲ. ನೀರು ಕಿವಿಯ ಹಿಂದಿನಿಂದ ಇಳಿದು ಟವೆಲಿಗೆ ಹೋಯಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ.

ಮೊನ್ನೆಯ ಚೆಕಪ್‌ನಲ್ಲಿ ಡಾಕ್ಟರು ಸದ್ಯಕ್ಕೆ ಏನೂ ಇಲ್ಲ ಎಂದಿದ್ದಾರೆ. ಸದ್ಯಕ್ಕೆ ಎನ್ನುವ ಮಾತನ್ನೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ. ನನ್ನ ದೀಕ್ಷಾಸ್ನಾನ ಅರ್ಧ ಎಂದು ಈಗ ಅನಿಸುವುದಿಲ್ಲ. ಆದರೂ ಮುಳುಗಿದವರ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ.

ಅಂದು ತಿರುಗಿ ಬರುವಾಗ ಲೋಕಲ್‌ನಲ್ಲಿ ಶರಣಮ್ಮ ಕಿಟಕಿಯ ಪಕ್ಕ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಒಳಗೆ ಹೇಗಿತ್ತು ಎಂದು ಕೈಸನ್ನೆಯಲ್ಲಿ ಕೇಳಿದೆ.

"ಭಾಳ ಥಂಡಿ ಇತ್ರೀ. ಏನೂ ಕೇಳಸಲಿಲ್ಲ. ಯಾವಾಗ ಎತ್ತತಾರೋ ಅಂತ ಅಂಜಿಕಿ ಆತು."

ಇನ್ನೂ ಹೇಳು ಎಂದು ಸನ್ನೆ ಮಾಡಿದೆ. ಅವಳು ಹೇಳುತ್ತ ಹೋದಳು. ಕಾಲ ಕೆಳಗಿನ ಹರಳು, ಮೂಗಿಗೆ ಹೊಕ್ಕ ನೀರು, ಕಣ್ಣು ತೆರೆದಾಗಿನ ಬೆಳಕು. ನಾವು ಇಳಿಯುವ ಸ್ಟೇಷನ್ ಬರುವ ತನಕ, ಅಸೂಯೆಪಡುತ್ತಲೇ, ಒಂದನ್ನೂ ಬಿಡದೆ ಕೇಳಿಸಿಕೊಂಡೆ.