ಹೆಂಡತಿಯ ಓಟನ್ನೂ ನಾನೇ ಹಾಕುತ್ತಿದ್ದೆ

ಎರಡು ಅಧ್ಯಕ್ಷೀಯ ಚುನಾವಣೆಗಳಲ್ಲಿ ನಾನು ಎರಡೆರಡು ಓಟು ಹಾಕಿದ್ದೇನೆ. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿಯದು. ಈ ವಯಸ್ಸಿನಲ್ಲಾದರೂ ಅದನ್ನು ಒಪ್ಪಿಕೊಳ್ಳಬೇಕು.

ಅಮೆರಿಕದ ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಬೇಕಾದ ಹೆಸರಿನ ಪಕ್ಕದ ಖಾಲಿ ವೃತ್ತವನ್ನು ಪೆನ್ನಿನಲ್ಲಿ ತುಂಬಿ, ಲಕೋಟೆಯ ಮೇಲೆ ಸಹಿ ಹಾಕಿ ಕಳಿಸಬೇಕು. ನಾನು ರಾಹುಕಾಲ ಕಳೆಯುವವರೆಗೆ ಕಾದು ಎರಡನ್ನೂ ತುಂಬುತ್ತಿದ್ದೆ. ಆಮೇಲೆ ಅವಳನ್ನು ಅಡುಗೆಮನೆಯಿಂದ ಕರೆದು, "ಇಲ್ಲೊಂದು ಸೈನ್ ಹಾಕು" ಎನ್ನುತ್ತಿದ್ದೆ. ಬ್ಯಾಂಕಿನ ಕಾಗದ, ಬಾಡಿಗೆ ಕರಾರು ಎಲ್ಲಕ್ಕೂ ಅವಳು ಹಾಗೆಯೇ ಸಹಿ ಹಾಕಿದವಳು. ಅದು ತಪ್ಪೆಂದು ನನಗೆ ಅನ್ನಿಸಿರಲೇ ಇಲ್ಲ.

ಮೂರನೆಯ ಸಲವೂ ಅವಳು ವಾಕಿಂಗ್ ಹೋಗಿದ್ದಾಗ ಎರಡನ್ನೂ ತುಂಬಿಟ್ಟೆ. ಬಂದವಳು ಶೂ ಬಿಚ್ಚುತ್ತ ಮೇಜಿನ ಕಡೆ ನೋಡಿದಳು.

"ಯಾರಿಗೆ ಹಾಕಿದೀನಿ ನಾನು?"

ನಾನು ನಕ್ಕೆ. ಅವಳು ನಗಲಿಲ್ಲ. ಒಳಗಿನಿಂದ, ಅಭ್ಯರ್ಥಿಗಳ ಬಗ್ಗೆ ಮತದಾರರಿಗೆ ಕಳಿಸುವ ಪುಸ್ತಿಕೆ ತಂದಳು. ಪುಟಪುಟದಲ್ಲೂ ನೀಲಿ ಗೆರೆ ಎಳೆದಿದ್ದಳು.

"ಯಾಕೆ ಇವರೇ, ಹೇಳಿ ನೋಡೋಣ."

"ಇಂಡಿಯಾ ಬಗ್ಗೆ ಒಳ್ಳೇ ಮಾತಾಡ್ತಾರೆ."

"ಮಾತಾಡಿದ್ರೆ ಆಯ್ತಾ? ನನ್ನ ತಮ್ಮ ಕುವೈತ್‌ನಲ್ಲಿದಾನೆ. ಆ ಕಡೆ ಯುದ್ಧ ಆದ್ರೆ ಇವರು ಏನ್ ಮಾಡ್ತಾರೆ, ಅವರು ಏನ್ ಮಾಡ್ತಾರೆ, ನೋಡಿದ್ರಾ? ಹೋಗ್ಲಿ, ಕೋರ್ಟು?"

"ಅದಕ್ಕೂ ನಮಗೂ ಏನೇ ಸಂಬಂಧ?"

"ಅಧ್ಯಕ್ಷರು ಬರ್ತಾರೆ, ಹೋಗ್ತಾರೆ. ಅವರು ಕೂರಿಸಿದ ಜಡ್ಜು ಬೇಕಂದ್ರೆ ಸಾಯೋವರೆಗೂ ಕೂತಿರಬಹುದು. ನಾನು ಜ್ಯೂರಿಗೆ, ತೀರ್ಪು ಹೇಳೋಕೆ ಹೋಗಿದ್ದು ಮರೆತ್ರಾ? ನಾವು ಒಳಗೆ ಬಂದ್ರೆ ಇಡೀ ಕೋರ್ಟು ಎದ್ದು ನಿಲ್ತಿತ್ತು ರೀ!"

ಮರೆತಿರಲಿಲ್ಲ, ಕೇಳಿಯೇ ಇರಲಿಲ್ಲ. ಆ ಮೂರು ದಿನ ಸಂಜೆ ನಾನು ಅವಳನ್ನು ಕೇಳಿದ್ದು, ಸಾರು ಎಲ್ಲಿಟ್ಟಿದ್ದೀಯ ಎಂದು ಮಾತ್ರ. ಆಮೇಲೆ ಅವಳು ಶಿಕ್ಷಣದ ವಿಷಯದ ಪುಟ ತೆರೆದಳು. ನಾನು ರೆಂಟನ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಷ್ಟು ವರ್ಷವೂ ಅವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದವಳು. ಯಾವ ಮಗು ಮನೆಯಲ್ಲಿ ತಿಂಡಿ ತಿನ್ನದೆ ಬರುತ್ತದೆ ಎಂದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು.

"ನಾನು ಎಸ್ಸೆಸ್ಸೆಲ್ಸಿ ಅಂತ ಎಷ್ಟು ಸಲ ಆಡ್ಕೊಂಡಿದೀರ. ಪಿಯುಸಿ ಓದಿದೋರು, ಇದೊಂದು ಪುಸ್ತಕ ಓದೋಕಾಗ್ಲಿಲ್ವಾ?"

ಸಹಿ ಹಾಕಲಿಲ್ಲ. ಚುನಾವಣಾ ಕಚೇರಿಗೆ ತಾನೇ ಫೋನ್ ಮಾಡಿ ಬೇರೆ ಮತಪತ್ರ ಕಳಿಸಲು ಹೇಳಿದಳು.

ಅದು ಬರುವವರೆಗಿನ ದಿನಗಳಷ್ಟು ಚೆಂದದ ದಿನಗಳನ್ನು ನಾವು ಬಹಳ ಕಾಲದಿಂದ ಕಂಡಿರಲಿಲ್ಲ. ಬೆಳಗಿನ ಕಾಫಿಗೆ ಕೂತರೆ ಹತ್ತೂವರೆಯವರೆಗೂ ವಾದ. ಅವಳು ಓದುವಳು, ನಾನು ತಕರಾರು ತೆಗೆಯುವೆ, ಅವಳು ಪುಟ ತಿರುಗಿಸಿ ಬೆರಳಿಟ್ಟು ತೋರಿಸುವಳು. ಒಬ್ಬ ಅಭ್ಯರ್ಥಿ ಕೋರ್ಟಿನ ವಿಷಯದಲ್ಲಿ ಅವಳಿಗೆ ಸರಿ ಕಂಡರೆ ಇನ್ನೊಬ್ಬರು ಶಾಲೆಯ ವಿಷಯದಲ್ಲಿ ಸರಿ ಕಾಣುವರು. "ಇಬ್ಬರನ್ನೂ ರುಬ್ಬಿ ಒಬ್ಬರನ್ನ ಮಾಡೋಕಾಗಲ್ವೇನ್ರೀ?" ಎಂದು ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂತಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ತುಂಬಿಟ್ಟ ನನ್ನ ಹಾಳೆಯನ್ನೂ ಮತ್ತೆ ತೆಗೆದು ನೋಡಿದೆ. ಆಯ್ಕೆ ಬದಲಾಗಲಿಲ್ಲ, ಆದರೆ ಲಕೋಟೆ ಅಂಟಿಸುವಾಗ ಎರಡು ಸಲ ಕೈ ತಡೆಯಿತು.

ಹೊಸ ಹಾಳೆ ಬಂದ ದಿನ ಅವಳು ಪರೀಕ್ಷೆಗೆ ಕೂತವಳಂತೆ ಎಡಗೈ ಅಡ್ಡ ಹಿಡಿದು ತುಂಬಿದಳು. ನಾನು ಕಾಫಿ ಕೊಡುವ ನೆಪದಲ್ಲಿ ಕತ್ತು ಚಾಚಿದೆ.

"ಕಾಪಿ ಹೊಡೀಬೇಡಿ!"

ಗ್ರಂಥಾಲಯದ ಮುಂದಿನ ಮತಪೆಟ್ಟಿಗೆಗೆ ಅವಳ ಲಕೋಟೆಯನ್ನು ಅವಳೇ ಹಾಕಿದಳು. ಕಾರಿಗೆ ಬಂದು ಕೂತ ಮೇಲೆ ಹೇಳಿದೆ:

"ಹಿಂದಿನ ಎರಡು ಸಲದ್ದು ತಪ್ಪಾಯ್ತು ಕಣೇ."

"ಅವೆರಡು ವಾಪಸ್ ಬರಲ್ಲ ಬಿಡಿ" ಎಂದಳು. ಆಮೇಲೆ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ, "ನಡೀರಿ, ಹೋಟೆಲ್‌ನಲ್ಲಿ ಮಸಾಲೆ ದೋಸೆ ಕೊಡ್ಸಿ" ಎಂದಳು.

ಫಲಿತಾಂಶ ಬರತೊಡಗಿದ ಸಂಜೆ ಟಿವಿ ಮುಂದೆ ಕೂತಿದ್ದೆವು. ಒಂದೊಂದು ರಾಜ್ಯದ ಲೆಕ್ಕ ಬಂದಾಗಲೂ ನಾನು ಅವಳ ಕಡೆಗೇ ತಿರುಗುತ್ತಿದ್ದೆ. ಅವಳ ಹುಬ್ಬು ಕೂಡ ಅಲುಗಲಿಲ್ಲ. ಅವಳು ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದಳು:

"ನನ್ನ ಮುಖದಲ್ಲೇನಿದೆ? ಟಿವಿ ನೋಡಿ."